ಕೆನಡಾದ ಸಾಸ್ಕಟೂನ್‌ಗೆ ಬರುವ ಮುನ್ನ

ತಂಗಿ, ಹಟ್ಟಿ ಚಿನ್ನದ ಗಣಿಯಲ್ಲಿ ನಾಲ್ಕು ವರ್ಷ, ನೆಲದಡಿಯ ಅದಿರಿನ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಸರ್ಪ್ಯಾಕ್ ಸಾಫ್ಟ್‌ವೇರ್ ಬಳಸಿದ್ದೀರಿ. ಕೆನಡಾದ ಯುರೇನಿಯಂ ಗಣಿಗೆ ಬರಲು ಅಂಥದೇ ಇನ್ನೊಂದು ಸಾಫ್ಟ್‌ವೇರ್ ಲೀಪ್‌ಫ್ರಾಗ್ ಕಲಿತಿರಲೇಬೇಕೇ ಎಂದು ಕೇಳಿದ್ದೀರಿ. ಕಲಿತರೆ ಒಳ್ಳೆಯದು, ಆದರೆ ಅದಕ್ಕಾಗಿ ನಿದ್ದೆಗೆಡಬೇಡಿ. ನೆಲದ ಅಡ್ಡಕೊಯ್ತದ ಚಿತ್ರಗಳ ಮೇಲೆ ಅದಿರಿನ ಗೆರೆ ಎಳೆದು ಪಳಗಿದ ಕೈಗೆ ಅದು ಬೇಗ ಒಲಿಯುತ್ತದೆ.

ಮೊದಲು ಅರಿಯಬೇಕಾದದ್ದು ಇಲ್ಲಿನ ಅದಿರನ್ನು. ಜಾರ್ಖಂಡ್‌ನ ಜಾದುಗುಡ ಗಣಿಯಲ್ಲಿ ಟನ್ ಅದಿರಿಗೆ ಒಂದು ಕಿಲೋ ಯುರೇನಿಯಂ ಕೂಡ ಸಿಗುವುದಿಲ್ಲ. ಇಲ್ಲಿನ ಅಥಾಬಾಸ್ಕಾ ಪ್ರದೇಶದ ಸಿಗಾರ್ ಲೇಕ್ ಗಣಿಯಲ್ಲಿ ನೂರು ಕಿಲೋಗೂ ಹೆಚ್ಚು ಸಿಗುತ್ತದೆ. ಅದೂ ಎಲ್ಲೆಡೆ ಹರಡಿಕೊಂಡಿಲ್ಲ. ಸುಮಾರು 450 ಮೀಟರ್ ಆಳದಲ್ಲಿ, ಮರಳುಗಲ್ಲು ಹಳೆಯ ಬುಡದ ಶಿಲೆಯ ಮೇಲೆ ಕೂತಿರುವ ಮಟ್ಟದಲ್ಲಿ, ಗ್ರಾಫೈಟ್ ತುಂಬಿದ ಸ್ತರಭಂಗಗಳು (ಶಿಲೆ ಒಡೆದು ಜರುಗಿದ ಬಿರುಕುಗಳು) ಬಂದು ಮುಟ್ಟುವ ಕಡೆ ಗಂಟುಗಟ್ಟಿದೆ. ಸ್ವಲ್ಪ ಆಚೆ ಕೊರೆದರೆ ಬರಿಗಲ್ಲು. ಸಾಫ್ಟ್‌ವೇರ್‌ಗೆ ಇದು ಗೊತ್ತಿಲ್ಲ. ಎರಡು ಕೊರೆತಗಳ ನಡುವಿನ ಖಾಲಿ ಜಾಗಕ್ಕೂ ನುಣುಪಾದ ಅದಿರಿನ ಗೋಳ ಬರೆದುಕೊಡುತ್ತದೆ. ಸ್ತರಭಂಗ ಎತ್ತ ವಾಲಿದೆ ಎಂದು ನೀವೇ ಹೇಳಿಕೊಡಬೇಕು.

ಇನ್ನೊಂದು ವಿಷಯ ನನಗೆ ಮೊದಲ ಚಳಿಗಾಲದಲ್ಲಿ ತಿಳಿಯಿತು. ಒಂದು ಮೀಟರ್ ಕೋರ್‌ನ, ಅಂದರೆ ಕೊರೆದು ತೆಗೆದ ಕಲ್ಲಿನ ಕೋಲಿನ, ಯುರೇನಿಯಂ ಸರಾಸರಿಯನ್ನು ಉದ್ದದ ಲೆಕ್ಕದಲ್ಲೇ ತೆಗೆದಿದ್ದೆ. ಹಿರಿಯ ಭೂವಿಜ್ಞಾನಿಯೊಬ್ಬರು ಕೋರ್ ಶೆಡ್‌ಗೆ ಕರೆದೊಯ್ದು, ಕೈಗವಸು ಹಾಕಿಸಿ, ಒಂದೇ ಅಳತೆಯ ಎರಡು ತುಂಡು ಕೊಟ್ಟರು. ಮರಳುಗಲ್ಲು ಹಗುರವಾಗಿತ್ತು, ಕಪ್ಪು ಅದಿರು ಕೈಯನ್ನು ಕೆಳಗೆ ಜಗ್ಗಿತು. ಅರ್ಧ ಮೀಟರ್ ಶೇ. 60ರ ಅದಿರು, ಸಾಂದ್ರತೆ 5. ಉಳಿದರ್ಧ ಬರಿಗಲ್ಲು, ಸಾಂದ್ರತೆ 2.5 ಎಂದುಕೊಳ್ಳಿ. ಉದ್ದದ ಲೆಕ್ಕದಲ್ಲಿ ಶೇ. 30 ಬರುತ್ತದೆ, ತೂಕದ ಲೆಕ್ಕದಲ್ಲಿ ಶೇ. 40. ಚಿನ್ನದ ಗಣಿಯಲ್ಲಿ ಈ ಅಂತರ ಕಾಡುವುದಿಲ್ಲ. ಇಲ್ಲಿ ಸಾಂದ್ರತೆಯ ಕಾಲಂ ಖಾಲಿ ಬಿಟ್ಟರೆ ಇಡೀ ಮಾದರಿಯೇ ಸುಳ್ಳಾಗುತ್ತದೆ.

ವಿಕಿರಣದ ಭಯ ಮನೆಯವರಿಗಿರುವುದು ಸಹಜ. ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ ಸದಾ ಇರುತ್ತದೆ, ಪ್ರತಿಯೊಬ್ಬರ ಲೆಕ್ಕವೂ ದಾಖಲಾಗುತ್ತದೆ. ನನಗೆ ಕಷ್ಟವಾದದ್ದು ವಾರ ಗಣಿ, ವಾರ ಮನೆ ಎಂಬ ಬದುಕು. ಮಗಳ ಮೊದಲ ಹೆಜ್ಜೆಯನ್ನು ನಾನು ಮೊಬೈಲ್‌ನಲ್ಲಿ ನೋಡಿದೆ.

ವರದಿಗೆ ಸ್ವತಂತ್ರವಾಗಿ ಸಹಿ ಹಾಕಲು ಪ್ರಾಂತ್ಯದ ವೃತ್ತಿಸಂಸ್ಥೆಯಲ್ಲಿ ನೋಂದಣಿ ಬೇಕು. ಏನೇನು ಕೆಲಸ ಮಾಡಿದಿರಿ ಎಂಬ ವಿವರವಿರುವ ಅನುಭವಪತ್ರವನ್ನು ಹಟ್ಟಿ ಬಿಡುವ ಮೊದಲೇ ಬರೆಸಿಕೊಳ್ಳಿ. ಯಾವ ತಿಂಗಳು ಬರುತ್ತೀರೆಂದು ತಿಳಿಸಿ. ಜನವರಿಯಾದರೆ ದಪ್ಪ ಕೋಟು ಹಿಡಿದು ವಿಮಾನ ನಿಲ್ದಾಣಕ್ಕೇ ಬರುತ್ತೇನೆ.