ಪಟ್ಟಿಯಲ್ಲಿ ರಾಪ್ ಇಲ್ಲದಿದ್ದರೆ ಹಿಪ್ ಹಾಪ್ ಮುಗಿಯಿತೇ?

2025ರ ಅಕ್ಟೋಬರ್‌ನಲ್ಲಿ ಒಂದು ವಾರ ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ಮೊದಲ 40 ಸ್ಥಾನಗಳಲ್ಲಿ ಒಂದೂ ರಾಪ್ ಹಾಡು ಇರಲಿಲ್ಲ, ರಾಪ್ ಸೇರಿರುವ ಹಿಪ್ ಹಾಪ್ ಸಂಗೀತದ ಕಾಲ ಮುಗಿಯಿತೇ ಎಂದು ಕೇಳಿದ್ದೀರಿ. 1990ರ ನಂತರ ಹಾಗಾದದ್ದು ಅದೇ ಮೊದಲು, ನಿಜ. ಆದರೆ ಬಹಳ ವಾರ ಉಳಿದು ಕೆಳಗಿಳಿಯುತ್ತಿರುವ ಹಾಡುಗಳನ್ನು ಬೇಗ ಹೊರಹಾಕುವ ಹೊಸ ನಿಯಮವನ್ನೂ ಬಿಲ್‌ಬೋರ್ಡ್ ಆಗಲೇ ತಂದಿತ್ತು. ಒಂದು ವಾರದ ಪಟ್ಟಿ ನೋಡಿ ತಿಥಿಗೆ ಎಲೆ ಹಾಕುವುದು ಅವಸರವಾಯಿತು.

ಈಗಿನ ಯಾವುದಾದರೂ ಪಾಪ್ ಪ್ರೇಮಗೀತೆಯನ್ನು ಹಾಕಿ, ಗಾಯಕಿಯ ದನಿಯನ್ನು ಮರೆತು ತಾಳವನ್ನಷ್ಟೇ ಕೇಳಿ. ತಳದಲ್ಲಿ 808 ಡ್ರಮ್ ಯಂತ್ರದ, ಎದೆಗೆ ಗುದ್ದಿ ನಿಧಾನವಾಗಿ ಕರಗುವ ಮಂದ್ರ. ಮೇಲೆ ತಗಡಿನ ಮೇಲೆ ಹನಿ ಬಿದ್ದಂತೆ ಚಿಟಪಟ ಎನ್ನುವ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯ ಸದ್ದು. ಇವೆರಡನ್ನೂ ಹೀಗೆ ಜೋಡಿಸುವುದನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಅಟ್ಲಾಂಟಾ ನಗರದ, ಟ್ರ್ಯಾಪ್ ಎಂಬ ಹಿಪ್ ಹಾಪ್ ಕವಲಿನ ಸಂಗೀತ ನಿರ್ಮಾಪಕರು ಮುಖ್ಯರು. ಹಾಡಿನ ಮೇಲೆ ರಾಪ್ ಎಂಬ ಚೀಟಿ ಇಲ್ಲ, ಅಷ್ಟೇ.

1986ರಲ್ಲಿ ರನ್-ಡಿಎಂಸಿ ಎಂಬ ರಾಪ್ ತಂಡ ಅದೇ ಬಿಲ್‌ಬೋರ್ಡ್ ಪಟ್ಟಿಯ ನಾಲ್ಕನೇ ಸ್ಥಾನಕ್ಕೇರಲು ಏರೋಸ್ಮಿತ್ ಎಂಬ ರಾಕ್ ತಂಡದ ಹೆಗಲು ಬೇಕಾಯಿತು. 2017ರಲ್ಲಿ, ಸಂಗೀತದ ಮಾರಾಟ-ಆಲಿಕೆಯನ್ನು ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕದ ಪ್ರಕಾರ, ಹಿಪ್ ಹಾಪ್ ತನ್ನ ನೆಂಟ ಶೈಲಿ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಜೊತೆಗೂಡಿ, ಅಮೆರಿಕದಲ್ಲಿ ರಾಕ್ ಅನ್ನೇ ಹಿಂದಿಕ್ಕಿತು. ಈಗ ಕಂಟ್ರಿ ಎಂಬ ಅಮೆರಿಕದ ಹಳ್ಳಿಗಾಡಿನ ಶೈಲಿಯ ಗಾಯಕರೂ ಹಿಪ್ ಹಾಪ್‌ನ ತಾಳವನ್ನು ಕಡ ತರುತ್ತಾರೆ (ಹಿಂದಿರುಗಿಸುವುದಿಲ್ಲ, ಅದು ಬೇರೆ ಮಾತು).

ನನಗೆ ಕೊರಗಿರುವುದು ಒಂದೇ: ತಾಳ ಎಲ್ಲರ ಮನೆ ಸೇರಿತು, ಹದಿನಾರು ಸಾಲು ಉಸಿರು ಬಿಡದೆ ಕಥೆ ಹೇಳುವ ಕಸುಬು ಮಾತ್ರ ಜನಪ್ರಿಯ ಹಾಡುಗಳಲ್ಲಿ ವಿರಳವಾಗುತ್ತಿದೆ.