ಶಾಲೆ ಬಿಟ್ಟು ಅವ್ವನನ್ನು ಕಾಯುತ್ತಿದ್ದ ಹುಡುಗಿ

(ಹೆಸರು, ವಯಸ್ಸು, ಊರಿನ ಗುರುತು ಎಲ್ಲ ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರೂ ಬರೆಯಲು ಒಪ್ಪಿದ್ದಾರೆ.)

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು. ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ತೊಂದರೆಯಲ್ಲಿರುವ ಮಕ್ಕಳು, ಮನೆಗಳ ಜೊತೆ ಕೆಲಸ ಮಾಡುವ ನನಗೆ ಫೋನ್ ಮಾಡಿದರು. ಏಳನೇ ಕ್ಲಾಸಿನ ರೇಣುಕಾ ಮೂರು ವಾರದಿಂದ ಬರುತ್ತಿಲ್ಲ. ಮನೆಗೆ ಹೋದರೆ ಬಾಗಿಲ ಹಿಂದೆ ಅಡಗುತ್ತಾಳೆ. ಸೋದರಮಾವನಿಗೆ ಕೊಡುವ ಮಾತೂ ನಡೆದಿದೆಯಂತೆ. "ನೀವೊಂದ್ ಸಲ ಹುಡುಗಿಗೆ ಬುದ್ಧಿ ಹೇಳ್ರಿ ಮೇಡಂ" ಎಂದರು.

ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ನಮ್ಮ ರಾಜ್ಯದ ನಿಯಮ ಎಣಿಸುತ್ತದೆ. ಹೆಡ್‌ಮಾಸ್ಟರು ನೋಟಿಸ್ ಕಳಿಸಿದ್ದರು, ತಾವೇ ಮನೆಗೂ ಹೋಗಿ ಬಂದಿದ್ದರು. ಅಂದರೆ ತಮ್ಮ ಕೆಲಸ ಮಾಡಿದ್ದರು. ಈ ಪ್ರಕರಣದಲ್ಲಿ ಹೆಚ್ಚು ಕಡಿಮೆ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು. ತೊಂದರೆ ಇದ್ದದ್ದೇ ಅಲ್ಲಿ.

ತಾಯಿ ಶಾಂತವ್ವನಿಗೆ 30ರ ಆಸುಪಾಸು. ಮೂವರು ಮಕ್ಕಳು: ರೇಣುಕಾಗೆ 13, ಮಂಜುಗೆ 8, ಕೊನೆಯ ಮಗುವಿಗೆ 20 ತಿಂಗಳು. ಕೊನೆಯದು ಹೊಟ್ಟೆಯಲ್ಲಿದ್ದಾಗ ಗಂಡ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದ. ಕೆಲವು ತಿಂಗಳು ದುಡ್ಡು ಬಂತು. ಆಮೇಲೆ ಫೋನ್ ಸ್ವಿಚ್ ಆಫ್. ಅಲ್ಲಿ ಇನ್ನೊಂದು ಮನೆ ಮಾಡಿದ್ದಾನೆ ಎಂದು ಊರವರು ಹೇಳುತ್ತಾರೆ. ಹೆರಿಗೆಯಾದಾಗಿನಿಂದ ಶಾಂತವ್ವ ಸರಿಯಾಗಿ ಎದ್ದಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ, ಊಟ ಬಿಡುತ್ತಾಳೆ, ಸಣ್ಣದಕ್ಕೂ ಅಳುತ್ತಾಳೆ. "ಗಾಳಿ ಸೋಕೈತಿ" ಎಂದು ತಾಯಿತ ಕಟ್ಟಿಸಿದ್ದರು.

ಮನೆಗೆ ಹೋಗುವ ಮುಂಚೆ ಯಾರಿಗೆ ಏನು ಗೊತ್ತಿದೆ ಎಂದು ವಿಚಾರಿಸಿದೆ. ಮಗುವಿನ ತೂಕ ಏರುತ್ತಿಲ್ಲ ಎನ್ನುವುದು ಅಂಗನವಾಡಿ ಕಾರ್ಯಕರ್ತೆಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿತ್ತು. ತಾಯಿಗೆ ರಕ್ತ ಕಡಿಮೆ ಎನ್ನುವುದು ಆಶಾ ಕಾರ್ಯಕರ್ತೆಯ ಡೈರಿಯಲ್ಲಿತ್ತು. ರೇಣುಕಾಳ ಗೈರುಹಾಜರಿ ಶಾಲೆಯ ದಾಖಲೆಯಲ್ಲಿತ್ತು. ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇದ್ದರೂ ಒಂದು ದಿನವೂ ಕೆಲಸಕ್ಕೆ ಬಂದಿಲ್ಲ ಎನ್ನುವುದು ಪಂಚಾಯ್ತಿಗೆ ಗೊತ್ತಿತ್ತು. ಇವು ನಾಲ್ಕೂ ಒಂದೇ ಮನೆಯ ಸಂಗತಿ ಎಂದು ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಇನ್ನು ಆ ಮನೆಗೆ ವಾರವಾರ ತಪ್ಪದೆ ಬರುತ್ತಿದ್ದವನು ಒಬ್ಬನೇ. ಅವನು ಸಂಘದ ಸಾಲ ವಸೂಲಿಯವನು.

ಮೊದಲ ಭೇಟಿಯಲ್ಲಿ ಶಾಲೆಯ ಮಾತೇ ಎತ್ತಲಿಲ್ಲ. ಶಾಂತವ್ವನ ಹತ್ತಿರ ನೆಲದ ಮೇಲೆ ಕುಳಿತೆ. "ನೀವು ಹೇಳೋದು ನನ್ನ ಹತ್ರನೇ ಇರುತ್ತೆ. ನಿಮ್ಮ ಜೀವಕ್ಕೆ, ಮಕ್ಕಳ ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ ಬೇರೆಯವರಿಗೆ ಹೇಳ್ತೀನಿ, ಅದೂ ನಿಮಗೆ ತಿಳಿಸಿಯೇ" ಎಂದೆ. ನಿದ್ದೆ, ಊಟ, ಸುಸ್ತು, ಇವನ್ನೆಲ್ಲ ಕೇಳಿ ಮುಗಿಸಿದ ಮೇಲೆ ನೇರವಾಗಿ ಕೇಳಿದೆ, ಸಾಯಬೇಕು ಅನಿಸುತ್ತದಾ ಎಂದು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಭಾರ ಇಳಿಯುತ್ತದೆ. ಶಾಂತವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನಸ್ತದರಿ ಅಕ್ಕಾರ. ಆದ್ರ ಇವನ್ನ ಯಾರ್ ಕೈಯಾಗ ಕೊಟ್ಟು ಸಾಯ್ಲಿ?" ಎಂದಳು.

ಹತ್ತಿ ಬೆಳೆಗೆ ಹೊಡೆಯುವ ಔಷಧಿ ಮನೆಯೊಳಗೇ ಇತ್ತು. ಅದನ್ನು ಅಂದೇ ತೆಗೆಸಿದೆವು. ಹೊಲ ಇರುವ ಯಾವುದೇ ಮನೆಯಲ್ಲಿ ಇಂಥ ಮಾತು ಕೇಳಿದಾಗ ಮಾಡಬೇಕಾದ ಮೊದಲ ಕೆಲಸ ಇದು. ಉಳಿದ ಸಲಹೆ ಆಮೇಲೆ. ಆ ರಾತ್ರಿಯಿಂದಲೇ ಜೊತೆಗೆ ಒಬ್ಬರು ದೊಡ್ಡವರು ಇರಲಿ ಎಂದು ಶಾಂತವ್ವನ ತಾಯಿಯನ್ನು, ಅಂದರೆ ಮಕ್ಕಳ ಅಜ್ಜಿಯನ್ನು, ಕರೆಸಿದೆವು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಶಾಂತವ್ವನ ಫೋನಿಗೂ ಅವಳ ತಮ್ಮನ ಫೋನಿಗೂ ಹಾಕಿಕೊಟ್ಟೆ.

ರೇಣುಕಾ ಮಾತಾಡಿದ್ದು ಎರಡನೇ ಭೇಟಿಯಲ್ಲಿ. ಅದೂ ಎದುರು ಕುಳಿತು ಅಲ್ಲ, ಬೋರ್‌ವೆಲ್ ಹತ್ತಿರ ಕೊಡ ತುಂಬಿಸುತ್ತಾ. ಶಾಲೆ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀಯ ಎಂದು ಕೇಳಿದೆ. ನೀರು, ರೊಟ್ಟಿ, ಮಗುವಿನ ಸ್ನಾನ, ತಮ್ಮನನ್ನು ಶಾಲೆಗೆ ಕಳಿಸುವುದು, ಸಾಲದವನು ಬಂದರೆ "ಅವ್ವ ಇಲ್ಲ" ಎನ್ನುವುದು. ಕೊನೆಗೆ, ನೆಲ ನೋಡುತ್ತಾ, "ನಾ ಸಾಲಿಗೆ ಹೋದಾಗ ಅವ್ವ ಏನಾರ ಮಾಡ್ಕೊಂಡ್ರ?"

ಅದು ಪ್ರಕರಣದ ತಿರುಳು. ಎಲ್ಲರೂ ಅವಳನ್ನು ಶಾಲೆ ತಪ್ಪಿಸುವ ಹುಡುಗಿ ಎಂದುಕೊಂಡಿದ್ದರು. ಅವಳು ಡ್ಯೂಟಿ ಮೇಲಿದ್ದಳು. ಐದು ಇಲಾಖೆಗಳು ಸೇರಿ ಮಾಡಬೇಕಾದ ಕೆಲಸವನ್ನು 13 ವರ್ಷದವಳು ಒಬ್ಬಳೇ ಮಾಡುತ್ತಿದ್ದಳು. ಅಂಥವಳಿಗೆ "ಓದು ಮುಖ್ಯಮ್ಮ" ಎಂದು ಬುದ್ಧಿ ಹೇಳಿ ಏನು ಪ್ರಯೋಜನ? ಆ ಕೆಲಸವನ್ನು ಅವಳ ಕೈಯಿಂದ ಇಸಿದುಕೊಳ್ಳುವವರು ಬೇಕಿತ್ತು. ಮತ್ತೆ, ಯಾರು ಇಸಿದುಕೊಂಡರು ಎನ್ನುವುದು ಅವಳ ಕಣ್ಣಿಗೆ ಕಾಣಬೇಕಿತ್ತು.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆಯನ್ನು ಮಾತಾಡಿಸಿ, ಅಂಗನವಾಡಿ ಕೇಂದ್ರದಲ್ಲೇ ಒಂದು ಸಭೆ ಇಟ್ಟೆವು. ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ), ಹೆಡ್‌ಮಾಸ್ಟರ್, ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಂತವ್ವ, ಅವಳ ತಮ್ಮ ಬಸವರಾಜ. ಮನೆಯವರನ್ನು ಹೊರಗೆ ಕೂರಿಸಿ ಒಳಗೆ ಅವರ ಬಗ್ಗೆ ಚರ್ಚೆ ಮಾಡುವ ಪದ್ಧತಿ ನನಗೆ ಒಗ್ಗುವುದಿಲ್ಲ. ಹಿಂದಿನ ದಿನವೇ ಶಾಂತವ್ವನನ್ನು ಕೇಳಿ, ಯಾರ ಮುಂದೆ ಏನು ಹೇಳಬಹುದು, ಏನು ಹೇಳಬಾರದು ಎಂದು ಬರೆದುಕೊಂಡಿದ್ದೆ. ಸಾಯುವ ಯೋಚನೆಯ ವಿಷಯ ಆಶಾ ಮತ್ತು ಡಾಕ್ಟರಿಗೆ ಮಾತ್ರ. ಉಳಿದವರಿಗೆ "ಆರೋಗ್ಯ ಸರಿ ಇಲ್ಲ, ಚಿಕಿತ್ಸೆ ಆಗಬೇಕು" ಎಂದಷ್ಟೇ. ಹಳ್ಳಿಯಲ್ಲಿ ಆರು ಜನರಿಗೆ ಗೊತ್ತಾದ ಮಾತು ಸಂಜೆಯೊಳಗೆ ಕಟ್ಟೆಗೆ ಬಂದಿರುತ್ತದೆ, ಅಲ್ವಾ?

ಸಭೆ ಶುರುವಾಗುತ್ತಲೇ ಪಿಡಿಒ "ಯಾವ ಸ್ಕೀಮಿನಾಗ ಬರ್ತಾರ ಇವ್ರು?" ಎಂದರು. ಹೆಡ್‌ಮಾಸ್ಟರು "ಕಸ್ತೂರಬಾ ಹಾಸ್ಟೆಲಿಗೆ ಹಾಕಿಬಿಡೋಣ" ಎಂದರು. ಎರಡೂ ಒಳ್ಳೆಯ ಮನಸ್ಸಿನ ಮಾತೇ. ಆದರೆ ನಾನು ಶಾಂತವ್ವನ ಕಡೆ ತಿರುಗಿ, "ಎಲ್ಲಕ್ಕಿಂತ ಮೊದಲು ಏನು ಆಗಬೇಕು ನಿಮಗೆ?" ಎಂದೆ. ಅವಳು ಹೇಳಿದ್ದು ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. "ಸಾಲದವ್ರು ಕತ್ತಲಾದ ಮ್ಯಾಲ ಬಂದು ಮನಿ ಮುಂದ ಕುಂದರಬಾರ್ದು. ಮಂದಿ ನೋಡ್ತಾರ."

ಅದಕ್ಕೆ ದಾರಿ ಇತ್ತು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬೆದರಿಸುವಂತಿಲ್ಲ, ಬೈಯುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಪಿಡಿಒ ಅಲ್ಲೇ ಕುಳಿತು ಸಂಸ್ಥೆಯ ಮ್ಯಾನೇಜರಿಗೆ ಫೋನ್ ಹಚ್ಚಿದರು. ಸಾಲ ಮನ್ನಾ ಏನೂ ಆಗಲಿಲ್ಲ, ನಾವು ಅದನ್ನು ಕೇಳಲೂ ಇಲ್ಲ. ಕಂತು ಚಿಕ್ಕದಾಯಿತು, ರಾತ್ರಿ ಬರುವುದು ನಿಂತಿತು. ಆ ಫೋನ್ ಮುಗಿದ ಮೇಲೆ ಶಾಂತವ್ವ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕುಳಿತಳು. ಉಳಿದ ಮಾತೆಲ್ಲ ಅವಳ ಕಿವಿಗೆ ಬಿದ್ದದ್ದು ಆಮೇಲೆಯೇ.

ಮುಂದಿನದು ಮಗು. ಅಂಗನವಾಡಿ ಕಾರ್ಯಕರ್ತೆ ತೋಳಿಗೆ ಟೇಪ್ ಹಾಕಿ ಅಳೆದರು, 11.2 ಸೆಂ.ಮೀ. 11.5ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಸೇರಿಸಬೇಕು. ಈ ಮಾತು ಮೊದಲೂ ಬಂದಿತ್ತು. "ಉಳಿದ ಇಬ್ಬರನ್ನ ಯಾರ್ ನೋಡ್ತಾರ?" ಎಂದು ಶಾಂತವ್ವ ಒಪ್ಪಿರಲಿಲ್ಲ. ಹಾಗಾಗಿ "ತಾಯಿ ನಿರಾಕರಿಸಿದ್ದಾರೆ" ಎಂದು ಬರೆದು ಮುಗಿಸಿದ್ದರು. ಈಗ ಅಜ್ಜಿ ಮನೆಯಲ್ಲೇ ಇದ್ದಳು. ಅದೇ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇದ್ದಾರೆ. ಮಗುವಿನ ಜೊತೆ ಹೋದ ತಾಯಿಗೂ ಊಟ ಸಿಗುತ್ತದೆ, ಕೂಲಿ ತಪ್ಪಿದ್ದಕ್ಕೆ ಸ್ವಲ್ಪ ಪರಿಹಾರವೂ ಇದೆ. ಮಗುವಿನ ಹೆಸರಲ್ಲಿ ದಾಖಲಾದರೆ ತಾಯಿಯ ಚಿಕಿತ್ಸೆಯೂ ಅಲ್ಲೇ ಶುರು. "ಹುಚ್ಚಾಸ್ಪತ್ರೆಗೆ ಹೋದ್ಲು" ಎನ್ನುವ ಮಾತಿಗೂ ಆಸ್ಪದವಿಲ್ಲ.

ಹಾಗೇ ಆಯಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.4 ಬಂತು. ಅಷ್ಟು ಕಡಿಮೆ ರಕ್ತದಲ್ಲಿ ಸುಸ್ತು ಸಹಜ, ಅದರ ಮೇಲೆ ಖಿನ್ನತೆ ಬೇರೆ. ಎರಡಕ್ಕೂ ಔಷಧಿ ಕೊಟ್ಟರು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡು, ಮೂರು ವಾರ ಬೇಕು, ಮಧ್ಯೆ ಬಿಡಬಾರದು ಎಂದು ತಮ್ಮನಿಗೂ ತಿಳಿಸಿ ಹೇಳಿದೆ. ಊರಿಗೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಬರುವ ಮನೋವೈದ್ಯರ ಹತ್ತಿರ ಮುಂದುವರಿಸಿದಳು. ಬಸ್ ಚಾರ್ಜಿನ ಚಿಂತೆ ಈಗ ಹೆಂಗಸರಿಗೆ ಇಲ್ಲವಲ್ಲ.

ಮದುವೆ ಮಾತಿಗೆ ಬರುತ್ತೇನೆ. ಇಲ್ಲಿ ಎಚ್ಚರ ಬೇಕಿತ್ತು. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮಾಡಿಸಿದವರಿಗೆ, ಮುಂದೆ ನಿಂತು ನಡೆಸಿದವರಿಗೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಆದರೆ ಆ ಮನೆಗೆ ಅಕ್ಕಿ, ಜೋಳ ತಂದು ಹಾಕುತ್ತಿದ್ದವನು ಇದೇ ಬಸವರಾಜ. ಮೊದಲ ದಿನವೇ ಪೊಲೀಸರನ್ನು ಕರೆದಿದ್ದರೆ ಮದುವೆಯೂ ನಿಲ್ಲುತ್ತಿತ್ತು, ಒಲೆಯೂ ಆರುತ್ತಿತ್ತು. ಮದುವೆಗೆ ದಿನ ನಿಗದಿಯಾಗಿದ್ದರೆ ನಾನು ಆ ಯೋಚನೆ ಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಿದ್ದೆ. ಇದಿನ್ನೂ ಅಜ್ಜಿಯ ಬಾಯಲ್ಲಿದ್ದ ಮಾತು. ಅದಕ್ಕೇ ಬಸವರಾಜನನ್ನು ಒಬ್ಬನನ್ನೇ ಕರೆದು ಕಾನೂನು ಹೇಳಿ, "ನಿಮಗೇನು ಅನಿಸ್ತದೆ?" ಎಂದು ಕೇಳಿದೆ. ಅವನು ನಕ್ಕುಬಿಟ್ಟ. "ನನ್ನ ಯಾರ್ ಕೇಳ್ಯಾರ‍್ರಿ ಅಕ್ಕಾರ? ಅದನ್ನ ಎತ್ತಿ ಆಡಿಸೀನಿ ನಾ." ಅಕ್ಕನ ಮನೆಗೆ ಗಂಡಸಿನ ಆಸರೆ ಬೇಕು ಎಂದು ಅಜ್ಜಿ ಹಟ ಹಿಡಿದಿದ್ದಳು, ಅಷ್ಟೇ. ಆಸರೆ ಕೊಡಲು ಮದುವೆ ಆಗಬೇಕಿಲ್ಲ ಎಂದು ತಾಯಿಗೆ ಹೇಳುವ ಕೆಲಸವನ್ನು ಅವನಿಗೇ ಕೊಟ್ಟೆ. ಜೊತೆಗೆ, ಈ ಮಾತು ಮುಂದುವರಿದರೆ ಸುಮ್ಮನಿರಲು ನನಗಾಗಲಿ ಹೆಡ್‌ಮಾಸ್ಟರಿಗಾಗಲಿ ಆಗುವುದಿಲ್ಲ ಎಂದು ಇಬ್ಬರಿಗೂ ಸ್ಪಷ್ಟವಾಗಿ ತಿಳಿಸಿದೆ.

ಹಾಸ್ಟೆಲನ್ನು ನಾನು ಬೇಡವೆಂದೆ. ಹಾಸ್ಟೆಲಿಂದ ಬದುಕು ಕಟ್ಟಿಕೊಂಡ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಅವ್ವನನ್ನು ಕಾಯುತ್ತಿರುವ ಮಗುವನ್ನು ಅವ್ವನಿಂದ ದೂರ ಕಳಿಸಿದರೆ ಅವಳು ಮೂರನೇ ದಿನ ಓಡಿ ಬರುತ್ತಾಳೆ. ಬಾಲನ್ಯಾಯ ಕಾಯ್ದೆ ಕೂಡ ಮಗುವನ್ನು ಸಂಸ್ಥೆಗೆ ಸೇರಿಸುವುದನ್ನು ಕೊನೆಯ ದಾರಿಯಾಗಿಯೇ ಇಟ್ಟಿದೆ.

ದುಡ್ಡಿನ ವಿಷಯದಲ್ಲಿ ಓಡಾಟ ಜಾಸ್ತಿ ಆಯಿತು. ಗೃಹಲಕ್ಷ್ಮಿಯ 2000 ರೂಪಾಯಿ ಅತ್ತೆಯ ಖಾತೆಗೆ ಹೋಗುತ್ತಿತ್ತು, ಯಾಕೆಂದರೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ಬೇರೆ ಕಾರ್ಡಿಗೆ ಅರ್ಜಿ ಹಾಕಿಸಿದೆವು. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂದು ಇದೆ. ತಂದೆ ತೀರಿಹೋದ ಅಥವಾ ಬಿಟ್ಟುಹೋದ ಮನೆಯ ಮಕ್ಕಳು ಮನೆಯಲ್ಲೇ ಬೆಳೆಯಲಿ ಎಂದು ಮಗುವೊಂದಕ್ಕೆ ತಿಂಗಳಿಗೆ 4000 ರೂಪಾಯಿ ಕೊಡುತ್ತಾರೆ. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72 ಸಾವಿರ ದಾಟಬಾರದು. ಗಂಡ ಸತ್ತರೆ ಮರಣಪತ್ರ ಇರುತ್ತದೆ, ಬಿಟ್ಟುಹೋದರೆ ಯಾವ ಪತ್ರ ಕೊಡುತ್ತಾರೆ? ಕೊನೆಗೆ ಪಂಚಾಯ್ತಿಯವರು ಅಕ್ಕಪಕ್ಕದವರ ಹೇಳಿಕೆ ಪಡೆದು ಮಹಜರು ಮಾಡಿದರು. ಸಮಾಜ ಕಾರ್ಯಕರ್ತೆ ಮನೆಗೆ ಬಂದು ವರದಿ ಬರೆದರು. ಸಭೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡಿದ್ದರಿಂದ ಈ ಕಾಗದಗಳು ಮೇಜಿಂದ ಮೇಜಿಗೆ ಸರಿದವು. ಶಾಂತವ್ವ ಒಬ್ಬಳೇ ಅಲೆದಿದ್ದರೆ ಎರಡನೇ ಕೌಂಟರಿನಲ್ಲೇ ಮನೆಗೆ ವಾಪಸಾಗುತ್ತಿದ್ದಳು.

ಸಣ್ಣ ಮಗು ಈಗ ಹಗಲು ಹೊತ್ತು ಪಂಚಾಯ್ತಿಯ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ'ಯಲ್ಲಿ ಇರುತ್ತದೆ. ಮಂಜುವಿನ ಬಗ್ಗೆ ಯಾರೂ ಮಾತಾಡಿರಲೇ ಇಲ್ಲ, ಶಾಲೆಗೆ ಹೋಗುತ್ತಾನೆ, ಗಲಾಟೆ ಇಲ್ಲ ಎಂದು. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ) ತಂಡ ಬಂದಾಗ ಅವನಿಗೆ ಬೋರ್ಡೇ ಕಾಣುತ್ತಿಲ್ಲ ಎಂದು ಗೊತ್ತಾಯಿತು. ಕನ್ನಡಕ ಬಂತು.

ಮನೆಯ ಜೊತೆ ಸಂಪರ್ಕಕ್ಕೆ ಒಬ್ಬರೇ ಇರಲಿ, ಯಾರು ಬೇಕು ಎಂದು ಶಾಂತವ್ವನನ್ನೇ ಕೇಳಿದ್ದೆ. ಹೆರಿಗೆಯ ರಾತ್ರಿ ಜೊತೆಗಿದ್ದ ಆಶಾಳನ್ನು ಹೇಳಿದಳು. ಆಶಾಗಳ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಹೇರಿದ್ದೇವೆ, ಸಂಬಳ ಮಾತ್ರ ಗೌರವಧನ. ಹಾಗಾಗಿ ಒಂದು ಕರಾರು ಮಾಡಿದೆವು. ಅವಳು ಯಾರ ಹಿಂದೆಯೂ ಅಲೆಯುವುದಿಲ್ಲ, ಉಳಿದವರೇ ವಾರಕ್ಕೊಮ್ಮೆ ಅವಳಿಗೆ ಫೋನ್ ಮಾಡಬೇಕು.

ಇಷ್ಟಾದ ಮೇಲೆ ರೇಣುಕಾಗೆ ಹೇಳಿದೆ: "ಅವ್ವನ ಮಾತ್ರೆ ಆಶಾ ಅಕ್ಕ ನೋಡ್ತಾಳೆ. ರಾತ್ರಿ ಅಜ್ಜಿ ಇರ್ತಾಳೆ. ಸಾಲದವರ ಹತ್ರ ಮಾಮ ಮಾತಾಡ್ತಾನೆ. ಪಾಪು ಕೂಸಿನ ಮನೇಲಿ. ನಿನ್ನ ಪಾಲಿಗೆ ಏನು ಉಳೀತು?" ಅವಳು ಬೆರಳು ಮಡಚಿ ಎಣಿಸಿ, "ನೀರು" ಎಂದಳು. ಮೊದಲ ಕೆಲವು ವಾರ ಮಧ್ಯಾಹ್ನದ ಊಟದ ಹೊತ್ತಿಗೆ ಟೀಚರ್ ಫೋನಿಂದ ಅವ್ವನಿಗೆ ಮಾತಾಡಲು ಬಿಡಿ ಎಂದು ಹೆಡ್‌ಮಾಸ್ಟರಿಗೆ ಸಲಹೆ ಕೊಟ್ಟೆ. ಬಿಟ್ಟರು. ತಪ್ಪಿದ ಪಾಠಕ್ಕೆ ಬೈಯಬೇಡಿ, ಹಾಜರಾತಿ ಬಗ್ಗೆ ತರಗತಿಯ ಮುಂದೆ ಪ್ರಶ್ನೆ ಬೇಡ ಎಂದೂ ಹೇಳಿದ್ದೆ.

ಇದನ್ನು ಓದುವ ಶಿಕ್ಷಕರಿಗೆ, ಅಂಗನವಾಡಿಯವರಿಗೆ ನನ್ನದೊಂದು ಮಾತು. ಮಗು ಬರುತ್ತಿಲ್ಲ, ತೂಕ ಏರುತ್ತಿಲ್ಲ ಎಂದು ಬರೆದುಕೊಂಡ ದಿನವೇ ಇನ್ನೊಂದು ಇಲಾಖೆಯವರಿಗೆ ಒಂದು ಫೋನ್ ಮಾಡಿ: "ಆ ಮನೆಯಲ್ಲಿ ನಿಮಗೇನು ಕಂಡಿದೆ?" ಅದಕ್ಕೆ ಯಾವ ಆದೇಶವೂ ಬೇಕಿಲ್ಲ. ನೆರೆಹೊರೆಯವರಿಗೆ 1098 ಇದ್ದೇ ಇದೆ. ಅದು ದೂರು ಕೊಡಲು ಮಾತ್ರ ಇರುವ ನಂಬರ್ ಅಲ್ಲ, ನೆರವು ಬೇಕಾದ ಮನೆ ಇದೆ ಎಂದು ತಿಳಿಸಲೂ ಮಾಡಬಹುದು.

ರೇಣುಕಾ ಈಗ ಎಂಟನೇ ಕ್ಲಾಸು. ಶಾಂತವ್ವ ಮಾತ್ರೆ ಮುಂದುವರಿಸಿದ್ದಾಳೆ, ಕೂಲಿಗೂ ಹೋಗುತ್ತಾಳೆ, ಕೆಲವು ದಿನ ಮಲಗಿಬಿಡುತ್ತಾಳೆ. ಪ್ರಾಯೋಜಕತ್ವ ಇಬ್ಬರು ಮಕ್ಕಳಿಗೆ ಮಂಜೂರಾಗಿದೆ. ರೇಷನ್ ಕಾರ್ಡ್ ಇನ್ನೂ ಬಂದಿಲ್ಲ. ಅಜ್ಜಿ ಹಬ್ಬ ಬಂದಾಗಲೆಲ್ಲ ಮದುವೆ ಮಾತು ತೆಗೆಯುತ್ತಾಳೆ, ಬಸವರಾಜ ಎದ್ದು ಹೊಲಕ್ಕೆ ಹೋಗುತ್ತಾನೆ. ದಸರಾ ರಜೆಗೆ ಮುಂಚೆ ಮತ್ತೊಮ್ಮೆ ಎಲ್ಲರೂ ಕೂರುತ್ತೇವೆ. ಈ ಸಲ ಅಜ್ಜಿಯನ್ನೂ ಕರೆದಿದ್ದೇವೆ.