ರ‍್ಯಾಮ್ ಇದ್ದಮೇಲೂ ಹಾರ್ಡ್ ಡಿಸ್ಕ್ ಯಾಕೆ ಬೇಕು?

ಕಂಪ್ಯೂಟರಿನ ಮುಖ್ಯ ಭಾಗಗಳು ಯಾವುವು, ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಎರಡೂ ಮೆಮೊರಿಯೇ ಆದರೆ ಎರಡೆರಡು ಯಾಕೆ ಅಂತ ಕೇಳಿದ್ದೀರಿ. ನಾನು ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ತಿಳಿದರೆ ಮಿಕ್ಕಿದ್ದು ಸುಲಭ.

ಲೆಕ್ಕ ಮಾಡುವುದು, ಹೋಲಿಸಿ ನೋಡುವುದು ಪ್ರೊಸೆಸರ್ ಕೆಲಸ. 3 ಗಿಗಾಹರ್ಟ್ಸ್ ಪ್ರೊಸೆಸರ್ ಅಂದರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆ ಇದೆ. ನಿಮಿಷಕ್ಕೆ 7200 ಸುತ್ತು ಹಾಕಿದರೂ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಪ್ರೊಸೆಸರ್ ಹತ್ತಿರ ಹತ್ತಿರ ಎರಡೂವರೆ ಕೋಟಿ ಸಲ ಮಿಡಿದಿರುತ್ತದೆ! ಪ್ರತಿಯೊಂದಕ್ಕೂ ಡಿಸ್ಕಿಗಾಗಿ ಕಾಯುತ್ತಾ ಕೂತರೆ ಕೆಲಸ ಆಗುತ್ತಾ? ಅದಕ್ಕೇ ನಡುವೆ ಡಿಸ್ಕಿಗಿಂತ ಬಹಳ ವೇಗದ ರ‍್ಯಾಮ್ ಇರುವುದು. ಫೈಲ್ ತೆರೆದಾಗ ಅದು ಡಿಸ್ಕಿನಿಂದ ರ‍್ಯಾಮಿಗೆ ಬರುತ್ತದೆ. ನೀವು ಟೈಪ್ ಮಾಡಿದ್ದೂ ಮೊದಲು ಅಲ್ಲೇ ಇರುತ್ತದೆ. ಸೇವ್ ಮಾಡಿದ ಮೇಲೆ ಡಿಸ್ಕಿಗೆ ಹೋಗುತ್ತದೆ.

ಹಾಗಾದರೆ ಎಲ್ಲವನ್ನೂ ರ‍್ಯಾಮಿನಲ್ಲೇ ಇಡಬಹುದಲ್ವಾ? ಆಗುವುದಿಲ್ಲ. ಅದರಲ್ಲಿ ಒಂದೊಂದು ಬಿಟ್ಟೂ (0 ಅಥವಾ 1 ಎಂಬ ಮಾಹಿತಿಯ ತುಣುಕು) ಚಾರ್ಜ್ ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರಿನಲ್ಲಿ ಚಾರ್ಜ್ ರೂಪದಲ್ಲಿರುತ್ತದೆ. ತೂತಾದ ಕೊಡದ ನೀರಿನ ಹಾಗೆ ಆ ಚಾರ್ಜ್ ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತುಂಬುವುದೂ ನಿಲ್ಲುತ್ತದೆ. ಸೇವ್ ಮಾಡದ ಕೆಲಸ ಮಾಯವಾಗುವುದು ಹೀಗೆ. ಡಿಸ್ಕಿಗೆ ಹೋದದ್ದು ಮಾತ್ರ ಉಳಿಯುತ್ತದೆ. ಹಾರ್ಡ್ ಡಿಸ್ಕಿನ ಬದಲು ಬಳಸುವ, ಚಿಪ್ಪುಗಳಿಂದಾದ ಎಸ್‌ಎಸ್‌ಡಿಯಲ್ಲೂ ಬಿಟ್ಟುಗಳು ಚಾರ್ಜ್ ರೂಪದಲ್ಲೇ ಇರುತ್ತವೆ, ಆದರೆ ಅಲ್ಲಿ ಚಾರ್ಜ್ ಬಂದಿಯಾಗಿರುವುದರಿಂದ ಕರೆಂಟ್ ಇಲ್ಲದಿದ್ದರೂ ಉಳಿಯುತ್ತದೆ. ತಿರುಗುವ ತಟ್ಟೆಯೂ ಇಲ್ಲ. ಹಾಗಾಗಿ ಹಾರ್ಡ್ ಡಿಸ್ಕಿಗಿಂತ ಎಷ್ಟೋ ವೇಗ, ರ‍್ಯಾಮಿನಷ್ಟಲ್ಲ ಅಷ್ಟೇ.

ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ದೊಡ್ಡ ಹಲಗೆಯೇ ಮದರ್‌ಬೋರ್ಡ್. ಎಸ್‌ಎಂಪಿಎಸ್ ಎಂಬ ಡಬ್ಬಿ ಗೋಡೆಯ ಪ್ಲಗ್ಗಿನ ಕರೆಂಟನ್ನು 12, 5, 3.3 ವೋಲ್ಟ್ ಡಿಸಿಗೆ ಇಳಿಸಿಕೊಡುತ್ತದೆ. ಪ್ರೊಸೆಸರ್ ಮೇಲೆ ಕೂತ ಫ್ಯಾನು ಸುಮ್ನೆ ಅಲಂಕಾರಕ್ಕಲ್ಲ. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೀಬೋರ್ಡ್, ಮೌಸ್, ಮಾನಿಟರ್ ನಿಮಗೆ ಗೊತ್ತೇ ಇವೆ.

ನಿಮ್ಮ ಕಂಪ್ಯೂಟರ್ ನಿಧಾನ ಅನಿಸಿದರೆ ಮೊದಲು ವಿಂಡೋಸಿನಲ್ಲಿ ಯಾವುದು ಎಷ್ಟು ಬಳಕೆಯಲ್ಲಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಮೆಮೊರಿ ಯಾವಾಗಲೂ ತುಂಬಿಯೇ ಇದ್ದರೆ ರ‍್ಯಾಮ್ ಹೆಚ್ಚಿಸಿ. ಮೆಮೊರಿ ಖಾಲಿ ಇದ್ದು ಡಿಸ್ಕ್ ಮಾತ್ರ 100% ತೋರಿಸುತ್ತಿದ್ದರೆ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ ಎನ್ನುತ್ತೇನೆ. ರ‍್ಯಾಮ್ ಕೊಳ್ಳುವ ಮುಂಚೆ ಮದರ್‌ಬೋರ್ಡ್ ಡಿಡಿಆರ್4 ಕೇಳುತ್ತದೋ ಡಿಡಿಆರ್5 ಕೇಳುತ್ತದೋ ಖಚಿತ ಮಾಡಿಕೊಳ್ಳಿ. ಇವು ರ‍್ಯಾಮಿನ ಎರಡು ತಲೆಮಾರುಗಳು. ಎರಡರ ಕಚ್ಚೂ ಬೇರೆ ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.